ಕಫದ ಪ್ರೋಟೀನ್ ಪರೀಕ್ಷೆ ಮಾಡಿಸಿದ್ರೆ ಉಬ್ಬಸ ಕೆಲಸದಿಂದಲೇ ಬಂದಿದ್ದು ಅಂತ ಸಾಬೀತಾಗುತ್ತಾ? ದಾವಣಗೆರೆಯವರು ಯಾರಾದ್ರೂ ಹೇಳಿ

ಜಗಳೂರಿನ ತಮ್ಮ
ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ದಾವಣಗೆರೆಯ ಒಂದು ಬೇಕರಿಲಿ ಹನ್ನೊಂದು ವರ್ಷದಿಂದ ಹಿಟ್ಟು ಕಲಸೋ ಕೆಲಸ ಮಾಡ್ತಾನೆ. ವಯಸ್ಸು 36. ಬೀಡಿ, ಸಿಗರೇಟು ಇಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಉಬ್ಬಸ ಇಲ್ಲ. ಮೊದಲ ಎಂಟು ವರ್ಷ ಆರಾಮಾಗಿದ್ದ. ಆಮೇಲೆ ಮೈದಾ ಚೀಲ ಬಿಚ್ಚಿದ ಕೂಡಲೇ ಸೀನು, ಕಣ್ಣು ಕೆರೆತ ಶುರುವಾಯ್ತು. ಈಗ ಒಂದೂವರೆ ವರ್ಷದಿಂದ ರಾತ್ರಿ ಎರಡು ಮೂರು ಗಂಟೆಗೆ ಎದ್ದು ಗೋಡೆಗೆ ಒರಗಿ ಕೂರ್ತಾನೆ. ಎದೆಯೊಳಗಿನ ಸುಂಯ್ ಅನ್ನೋ ಸದ್ದು ಪಕ್ಕದ ಕೋಣೆಗೆ ಕೇಳುತ್ತೆ.

ಯುಗಾದಿಗೆ ಊರಿಗೆ ಬಂದು ಹತ್ತು ದಿನ ಇದ್ದ. ನಾಲ್ಕನೇ ದಿನದಿಂದ ಉಬ್ಬಸದ ಪಂಪ್ (ಇನ್ಹೇಲರ್) ಮುಟ್ಟಲಿಲ್ಲ. ವಾಪಸ್ ಹೋದ ಎರಡನೇ ದಿನಕ್ಕೆ ಮತ್ತೆ ಅದೇ ಕಥೆ. ಮಾಲೀಕರಿಗೆ ಹೇಳಿದ್ರೆ "ನಿನ್ನ ಮೈಯೇ ಹಂಗೆ, ಹಿಟ್ಟಿಗೂ ಇದಕ್ಕೂ ಏನಪ್ಪಾ ಸಂಬಂಧ" ಅಂದ್ರಂತೆ. ಅದನ್ನ ಕೇಳಿ ನನಗೆ ಹೊಟ್ಟೆ ಉರೀತಿದೆ.

ಶ್ವಾಸನಾಳದ ಕಫದಲ್ಲಿರೋ ಪ್ರೋಟೀನ್ ನೋಡಿ ಕೆಲಸದಿಂದ ಬಂದ ಅಸ್ತಮಾ ಗುರುತಿಸ್ತಾರೆ ಅಂತ ಎಲ್ಲೋ ಓದಿದೆ. ನಮ್ಮ ದಾವಣಗೆರೆಲಿ ಅದು ಆಗುತ್ತಾ? ಎಷ್ಟು ಖರ್ಚು? ಮಾಲೀಕರ ಕೈಗೆ ಕೊಡೋಕೆ ಒಂದು ಕಾಗದ ಬೇಕು ನನಗೆ.

ಬಾತಿ ಗುಡ್ಡ
ನಮ್ಮ ಚಿಕ್ಕಪ್ಪಂದೂ ಇದೇ ಕಥೆ, ಅಕ್ಕಿ ಗಿರಣಿಲಿ. ಸುಗ್ಗಿ ಟೈಮಲ್ಲಿ ಜಾಸ್ತಿ. ಉತ್ತರ ಬಂದ್ರೆ ನನಗೂ ಬೇಕು.

ಪಿ.ಬಿ. ರೋಡ್
ಇಷ್ಟು ದೊಡ್ಡ ಪರೀಕ್ಷೆ ಯಾಕ್ರೀ? ರಕ್ತದಲ್ಲಿ ಐಜಿಇ, ಅದೇ ಅಲರ್ಜಿಯಲ್ಲಿ ಏರೋ ಪ್ರತಿಕಾಯ, ಮಾಡಿಸಿ. ಜಾಸ್ತಿ ಬಂದ್ರೆ ಅಲರ್ಜಿ, ಮುಗೀತು. ನಮ್ಮ ಹುಡುಗನಿಗೆ ಹಂಗೇ ಮಾಡಿದ್ದು.

ಕುಂದವಾಡ ಕೆರೆ
ಪ್ರೋಟೀನ್ ಅಂದ್ರೆ ಮೊಟ್ಟೆ, ಬೇಳೆ ಬಿಡಬೇಕಾ? ನಮ್ಮ ಅತ್ತೆಗೂ ಉಬ್ಬಸ, ಅದಕ್ಕೆ ಕೇಳ್ತಿದೀನಿ.

ಲ್ಯಾಬಿನ ಅಕ್ಕ
ನಾನು ಬೆಂಗಳೂರಲ್ಲಿ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ನಾಲ್ಕು ವರ್ಷ ಕಫದ ಮಾದರಿಗಳ ಕೆಲಸವನ್ನೇ ಮಾಡಿದೀನಿ. ಈಗ ದಾವಣಗೆರೆಲಿ ಇದೀನಿ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಕುಂದವಾಡ ಕೆರೆ ಅವರೇ, ಊಟದ ಪ್ರೋಟೀನಿಗೂ ಇದಕ್ಕೂ ಸಂಬಂಧ ಇಲ್ಲ, ಅತ್ತೆಯವರಿಗೆ ಬೇಳೆ ಬಿಡಿಸಬೇಡಿ. ಇಲ್ಲಿ ಎರಡು ಬಗೆಯ ಪ್ರೋಟೀನ್ ಮಾತು ಬರುತ್ತೆ, ಜನ ಕಲಸಿಬಿಡ್ತಾರೆ. ಒಂದು, ರೋಗ ತರಿಸೋದು. ಗೋಧಿ ಹಿಟ್ಟಿನ ಧೂಳಿನಲ್ಲಿ ಇರೋ ಪ್ರೋಟೀನುಗಳು, ಜೊತೆಗೆ ಬ್ರೆಡ್ ಚೆನ್ನಾಗಿ ಉಬ್ಬಲಿ ಅಂತ ಹಾಕೋ ಪುಡಿಯಲ್ಲಿ ಇರೋ ಶಿಲೀಂಧ್ರದ ಆಲ್ಫಾ ಅಮೈಲೇಸ್ ಅನ್ನೋ ಕಿಣ್ವ. ಇವು ಮೂಗಿನಿಂದ ಒಳಗೆ ಹೋದಾಗ ಮೈ ತಿರುಗಿಬೀಳುತ್ತೆ. ಎಷ್ಟೋ ಬೇಕರಿಯವರು ಬ್ರೆಡ್ ತಿಂದ್ರೆ ಏನೂ ಆಗಲ್ಲ, ಅದೇ ಹಿಟ್ಟು ಉಸಿರಾಡಿದ್ರೆ ಉಬ್ಬಸ. ಎರಡನೇದು, ರೋಗ ಬಂದ ಮೇಲೆ ಶ್ವಾಸನಾಳ ತಾನೇ ಸುರಿಸೋ ಪ್ರೋಟೀನುಗಳು. ತಮ್ಮ ಓದಿರೋದು ಈ ಎರಡನೇದನ್ನ. ಒಳಗೆ ಯಾವ ಥರದ ಉರಿಯೂತ ಇದೆ ಅಂತ ಹೇಳೋ ಸೂಚಕ ಅವು.

ಪರೀಕ್ಷೆ ಹೇಗೆ ಅಂದ್ರೆ, ಮೊದಲು ಸಾಲ್ಬುಟಮಾಲ್ ಕೊಟ್ಟು ಶ್ವಾಸನಾಳ ಅಗಲ ಮಾಡ್ತಾರೆ. ಆಮೇಲೆ ನೆಬ್ಯುಲೈಜರಿನಲ್ಲಿ ಗಾಢವಾದ ಉಪ್ಪುನೀರು, ಶೇ 3ರಿಂದ 4.5ರದ್ದು, ಎಳೆಸ್ತಾರೆ. ಆಳದಿಂದ ಕೆಮ್ಮು ಬಂದು ಕಫ ಬರಬೇಕು. ಕೆಲವರು ಬರೀ ಎಂಜಲು ಉಗುಳ್ತಾರೆ, ಅದು ಉಪಯೋಗಕ್ಕೆ ಬರಲ್ಲ. ಅಂಟಾಗಿರೋ ಕಫದ ತುಂಡನ್ನ ಚಿಮಟದಲ್ಲಿ ಆರಿಸಿ ತೆಗೀಬೇಕು, ಎರಡು ಗಂಟೆ ಒಳಗೆ ಕೆಲಸ ಮುಗಿಸಬೇಕು. ಕಫ ಕರಗಿಸೋಕೆ ಡೈಥಿಯೋಥ್ರೈಟಾಲ್ ಹಾಕ್ತೀವಿ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ್ರೆ ಕೆಳಗೆ ಜೀವಕೋಶ, ಮೇಲೆ ತಿಳಿ. ಜೀವಕೋಶ ಎಣಿಸ್ತೀವಿ, ತಿಳಿಯಲ್ಲಿ ಪ್ರೋಟೀನ್ ಅಳೀತೀವಿ.

ಆ ತಿಳಿಯಲ್ಲಿ ಏನೇನು ಹುಡುಕ್ತಾರೆ? ಅಲರ್ಜಿ ಥರದ ಉರಿಯೂತ ಆದ್ರೆ ಇಂಟರ್‌ಲ್ಯೂಕಿನ್-5, ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣಗಳು ಸುರಿಸೋ ಇಸಿಪಿ ಅನ್ನೋ ಪ್ರೋಟೀನ್. ಹೊಗೆ, ರಾಸಾಯನಿಕದ ಕಿರಿಕಿರಿ ಆದ್ರೆ ನ್ಯೂಟ್ರೋಫಿಲ್ ಅನ್ನೋ ಇನ್ನೊಂದು ಬಗೆಯ ಬಿಳಿ ರಕ್ತಕಣಗಳನ್ನ ಕರೆಯೋ ಇಂಟರ್‌ಲ್ಯೂಕಿನ್-8, ಅವು ಬಿಡೋ ಮೈಲೋಪೆರಾಕ್ಸಿಡೇಸ್. ಸಿಸಿ16 ಅಂತ ಇನ್ನೊಂದಿದೆ, ಸಣ್ಣ ಶ್ವಾಸನಾಳದ ಒಳಪದರವನ್ನ ಕಾಯೋ ಪ್ರೋಟೀನ್, ಅದು ಬೀಡಿ ಸಿಗರೇಟು ಸೇದೋರಲ್ಲಿ ಕಡಿಮೆ ಇರುತ್ತೆ.

ಆದ್ರೆ ತಮ್ಮ, ಬೇಜಾರಾಗಬೇಡ. "ಇದು ಬೇಕರಿ ಹಿಟ್ಟಿನಿಂದಲೇ ಬಂದಿದ್ದು" ಅಂತ ಹೇಳೋ ಒಂದೇ ಒಂದು ಪ್ರೋಟೀನ್ ಇವತ್ತಿಗೂ ಇಲ್ಲ. ಇಸಿಪಿ ಹಿಟ್ಟಿನ ಅಸ್ತಮಾದಲ್ಲೂ ಏರುತ್ತೆ, ಮನೆ ಧೂಳಿನ ಅಸ್ತಮಾದಲ್ಲೂ ಏರುತ್ತೆ.

ಜಗಳೂರಿನ ತಮ್ಮ
ಅಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆದ್ರೆ ಎದೆ ಧಸಕ್ ಅಂತು. ಹಾಗಾದ್ರೆ ಸಾಬೀತು ಮಾಡೋ ದಾರಿನೇ ಇಲ್ವಾ?

ಎದೆರೋಗ ಪಿ.ಜಿ.
ಇದೆ, ಇದೆ. ನಾನು ಎದೆರೋಗ ವಿಭಾಗದಲ್ಲಿ ಸ್ನಾತಕೋತ್ತರ ಓದ್ತಿದೀನಿ. ಮೊದಲು ಪಿ.ಬಿ. ರೋಡ್ ಅವರಿಗೆ: ಒಟ್ಟು ಐಜಿಇ ಜಾಸ್ತಿ ಇದ್ರೆ ಕೆಲಸದ ಅಸ್ತಮಾ ಅಂತ ಅಲ್ಲ ಸರ್, ಹೊಟ್ಟೆಲಿ ಜಂತುಹುಳ ಇದ್ರೂ ಏರುತ್ತೆ. ಗೋಧಿಗೆ, ಅಮೈಲೇಸಿಗೆ ಅಂತಲೇ ಇರೋ ಐಜಿಇ ಅಥವಾ ಚರ್ಮಕ್ಕೆ ಚುಚ್ಚಿ ನೋಡೋ ಪರೀಕ್ಷೆ ಬೇರೆ. ಅದು ಪಾಸಿಟಿವ್ ಬಂದ್ರೂ ಮೈ ಹಿಟ್ಟನ್ನ ಗುರುತು ಹಿಡಿದಿದೆ ಅಂತ ಮಾತ್ರ ಅರ್ಥ. ಪಾಸಿಟಿವ್ ಇದ್ದೂ ಉಬ್ಬಸ ಇಲ್ಲದ ಬೇಕರಿಯವರು ಇದಾರೆ.

ನಾವು ಕೇಳಬೇಕಾದ ಪ್ರಶ್ನೆ ಎರಡು. ಅಸ್ತಮಾ ಹೌದಾ? ಹೌದಾದ್ರೆ ಕೆಲಸದ ಜೊತೆ ಏರಿಳಿಯುತ್ತಾ? ಎರಡನೇದಕ್ಕೆ ಕಡಿಮೆ ಖರ್ಚಿನ ಸಾಧನ ಅಂದ್ರೆ ಪೀಕ್ ಫ್ಲೋ ಮೀಟರ್. ಊದೋ ಪ್ಲಾಸ್ಟಿಕ್ ಕೊಳವೆ, ಉಸಿರು ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಹೊರಗೆ ಬರುತ್ತೆ ಅಂತ ತೋರಿಸುತ್ತೆ. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಮೂರು ಊದು, ಅದರಲ್ಲಿ ದೊಡ್ಡದು ಬರ್ಕೊಳ್ಳಿ. ಪಂಪ್ ಎಳೆಯೋಕೆ ಮುಂಚೆ ಊದಬೇಕು. ಎರಡು ವಾರ ಕೆಲಸದಲ್ಲಿದ್ದಾಗ, ಎರಡು ವಾರ ರಜೆಯಲ್ಲಿದ್ದಾಗ. ಔಷಧಿ ಡೋಸ್ ಮಧ್ಯೆ ಬದಲಾಯಿಸಬಾರದು, ಬದಲಾಯಿಸಿದ್ರೆ ಲೆಕ್ಕ ಕೆಡುತ್ತೆ.

ಕಫ ಇಲ್ಲಿ ಕೆಲಸಕ್ಕೆ ಬರುತ್ತೆ. ಒಂದೇ ಸಲ ತೆಗೆದ್ರೆ ಅಲ್ಲ, ಎರಡು ಸಲ. ಕೆಲಸದ ವಾರದ ಕೊನೆಗೆ ಒಂದು, ರಜೆಯ ಕೊನೆಗೆ ಒಂದು. ಇಯೋಸಿನೋಫಿಲ್ ಕಣ ಶೇ 3 ದಾಟಿದ್ರೆ ಸಾಮಾನ್ಯವಾಗಿ ಜಾಸ್ತಿ ಅಂತೀವಿ. ಕೆಲಸದಲ್ಲಿ ಏರಿ ರಜೆಯಲ್ಲಿ ಇಳಿದ್ರೆ ಅದು ಗಟ್ಟಿ ಸಾಕ್ಷಿ. ಕೆನಡಾದ ಸಂಶೋಧಕರು ಪೀಕ್ ಫ್ಲೋ ಜೊತೆ ಕಫದ ಕಣ ಎಣಿಕೆ ಸೇರಿಸಿದ್ರೆ ತಪ್ಪು ರೋಗನಿರ್ಣಯ ಕಡಿಮೆ ಆಗುತ್ತೆ ಅಂತ 2004ರಲ್ಲೇ ತೋರಿಸಿದಾರೆ. ಉಸಿರಿನ ನೈಟ್ರಿಕ್ ಆಕ್ಸೈಡ್ ಅಳೆಯೋ ಫೀನೋ ಯಂತ್ರ ಸಿಕ್ಕಿದ್ರೆ ಅದೂ ಆಗಬಹುದು. ದೊಡ್ಡವರಲ್ಲಿ ಶತಕೋಟಿಗೆ 25 ಭಾಗಕ್ಕಿಂತ ಕೆಳಗಿದ್ರೆ ಕಡಿಮೆ, 50 ದಾಟಿದ್ರೆ ಹೆಚ್ಚು. ಸಿಗರೇಟು ಸೇದೋರಲ್ಲಿ ಅದು ಸುಳ್ಳು ಹೇಳುತ್ತೆ, ಕಡಿಮೆ ತೋರಿಸುತ್ತೆ.

ಮುಖ್ಯವಾದ ಮಾತು: ಪರೀಕ್ಷೆ ಮುಗಿಯೋ ಮುಂಚೆ ಕೆಲಸ ಬಿಟ್ಟುಬಿಡಬೇಡಿ. ಬಿಟ್ಟು ಕೆಲವು ತಿಂಗಳಾದ ಮೇಲೆ ಬಂದ್ರೆ ಎಲ್ಲಾ ಸರಿಹೋಗಿರಬಹುದು, ತೋರಿಸೋಕೆ ಏನೂ ಉಳಿಯಲ್ಲ.

ಹಳೇ ಮಿಲ್ಲು
ಮಗಾ, ನಾನು ಇಲ್ಲಿ ಹತ್ತಿ ಮಿಲ್ಲಿನಾಗೆ 22 ವರ್ಷ ದುಡ್ದೋನು. ಹತ್ತಿ ಬಿಡ್ಸೋ ಬ್ಲೋ ರೂಮು, ಹಿಂಜೋ ಕಾರ್ಡಿಂಗು. ಆಗ ದಾವಣಗೆರೆ ಅಂದ್ರೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋರು. ಸೈರನ್ ಹೊಡೆದ್ರೆ ಅರ್ಧ ಊರು ಎದ್ದೇಳದು. ನಮ್ಗೂ ದಮ್ಮು ಬರದು, ಆದ್ರೆ ನಿಮ್ಮಣ್ಣನ ಥರ ಅಲ್ಲ. ಭಾನುವಾರ ರಜಾ ಮುಗ್ಸಿ ಸೋಮವಾರ ಒಳಗೆ ಹೋದ್ರೆ ಎದೆ ಮ್ಯಾಲೆ ಕಲ್ಲು ಇಟ್ಟಂಗೆ. ಬುಧವಾರ ಬರೋಹೊತ್ತಿಗೆ ಸಡ್ಲ. "ಸೋಮವಾರದ ದಮ್ಮು" ಅನ್ನೋರು ನಮ್ಮ ಜೊತೆ ಇದ್ದೋರು. ವರ್ಷ ಕಳೆದಂಗೆ ಮಂಗಳವಾರಾನೂ ಬಂತು, ಕೊನೆಗೆ ಏಳೂ ದಿನ. ಆಗ ಯಾವ ಕಫ, ಯಾವ ಪ್ರೋಟೀನು? ಬೆಲ್ಲ ತಿನ್ರಿ, ಧೂಳು ಗಂಟಲಿಂದ ಇಳೀತದೆ ಅನ್ನೋರು. ನನ್ನ ಪಾಳಿಯೋರು ಮೂರು ಜನ ಅರವತ್ತು ಕಾಣಲಿಲ್ಲ.

ಎದೆರೋಗ ಪಿ.ಜಿ.
ಅಜ್ಜಾರೆ, ನೀವು ಹೇಳಿದ್ದು ಬಿಸಿನೋಸಿಸ್, ಪಾಠದಲ್ಲಿ ಇರೋ ಹಂಗೇ ಹೇಳಿದ್ರಿ. ಹತ್ತಿಯ ಧೂಳಿನ ಜೊತೆ ಬರೋ ಬ್ಯಾಕ್ಟೀರಿಯಾಗಳ ವಿಷ, ಎಂಡೋಟಾಕ್ಸಿನ್, ಅದರ ಮುಖ್ಯ ಕಾರಣಗಳಲ್ಲಿ ಒಂದು ಅಂತಾರೆ. ಅದರಲ್ಲಿ ವಾರದ ಮೊದಲ ದಿನ ಕೆಟ್ಟದು. ಹಿಟ್ಟಿನ ಅಸ್ತಮಾ ಸಾಮಾನ್ಯವಾಗಿ ಉಲ್ಟಾ, ವಾರ ಕಳೆದಂಗೆ ಹೆಚ್ಚುತ್ತೆ. ಯಾವ ದಿನ ಜಾಸ್ತಿ ಅಂತ ಕೇಳೋದೇ ಅರ್ಧ ರೋಗನಿರ್ಣಯ.

ಮಂಡಿಪೇಟೆ
ಅಜ್ಜಾರೇ, ಆ ಮಿಲ್ಲಿನ ಗೇಟ್ ಎದುರು ಬೆಣ್ಣೆ ದೋಸೆ ಹಾಕ್ತಿದ್ದ ಅಮ್ಮ ನೆನಪಿದಾರಾ? ನಮ್ಮಪ್ಪ ಸಂಬಳದ ದಿನ ಕರ್ಕೊಂಡ್ ಹೋಗೋರು.

ಹಳೇ ಮಿಲ್ಲು
ನೆನಪಿಲ್ದೆ ಏನು. ಸೌದೆ ಒಲೆ, ಕೆಂಡದ ಮ್ಯಾಲೆ ಕಾವಲಿ. ಹತ್ತಿ ಧೂಳು ಗಂಟಲಾಗೆ ಇದ್ರೂ ಆ ದೋಸೆ ರುಚಿ ಗೊತ್ತಾಗದು.

ಬಾತಿ ಗುಡ್ಡ
ದೋಸೆ ಮಾತು ಬೇರೆ ಕಡೆ ಮಾಡೋಣ ದಯವಿಟ್ಟು. ಹುಡುಗ ಕಷ್ಟದಲ್ಲಿದಾನೆ.

ದುಗ್ಗಮ್ಮನ ಮಗಳು
ಪಿ.ಜಿ. ಅವರೇ, ನಿಮ್ಮ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಉಸಿರು ಸಿಗದೆ ರಾತ್ರಿ ಕೂರೋ ಮನುಷ್ಯನಿಗೆ ಇನ್ನೂ ಎರಡು ವಾರ ಅದೇ ಹಿಟ್ಟಿನಲ್ಲಿ ನಿಂತ್ಕೋ, ನಮಗೆ ಗ್ರಾಫ್ ಬೇಕು ಅಂತೀರಾ? ಕಾಗದ ಮುಖ್ಯನೋ, ಜೀವ ಮುಖ್ಯನೋ? ನನ್ನ ತಮ್ಮನ್ನ ಹೀಗೇ ಕಾಯಿಸಿ ಕಾಯಿಸಿ ಒಂದು ರಾತ್ರಿ ಆಟೋದಲ್ಲಿ ಆಕ್ಸಿಜನ್ ಇಲ್ಲದೆ ಆಸ್ಪತ್ರೆಗೆ ಓಡಿಸಿದೀನಿ.

ಎದೆರೋಗ ಪಿ.ಜಿ.
ಅಕ್ಕ, ನಿಮ್ಮ ಸಿಟ್ಟು ನ್ಯಾಯವಾದದ್ದು, ನಾನು ಆ ಭಾಗ ಬಿಟ್ಟಿದ್ದು ತಪ್ಪು. ತೀವ್ರ ದಾಳಿ ಆದವರು, ಮಾತಾಡೋಕೂ ಉಸಿರು ಸಾಲದವರು ಕೂಡಲೇ ಹೊರಗೆ ಬರಬೇಕು, ಎರಡು ಮಾತಿಲ್ಲ. ಉಳಿದವರ ವಿಷಯದಲ್ಲೂ ವೈದ್ಯರ ಕಣ್ಣಳತೆಯಲ್ಲೇ ಈ ಎರಡು ವಾರ. ಕಾಯೋದು ವರ್ಷಗಟ್ಟಲೆ ಅಂತ ನಾನು ಹೇಳಿಲ್ಲ. ಒಂದು ಸಲ ಮೈ ಹಿಟ್ಟಿಗೆ ತಿರುಗಿದ ಮೇಲೆ ಎಷ್ಟು ಬೇಗ ದೂರ ಆಗ್ತೀವೋ ಅಷ್ಟು ಒಳ್ಳೆಯದು. ತಡ ಮಾಡಿದವರಲ್ಲಿ ಕೆಲಸ ಬಿಟ್ಟ ಮೇಲೂ ಉಬ್ಬಸ ಉಳೀತದೆ. ಅದಕ್ಕೇ ಸಾಕ್ಷಿ ಬೇಗ ಹಿಡೀರಿ, ಬೇಗ ಹೊರಗೆ ಬನ್ನಿ ಅಂದೆ.

ದುಗ್ಗಮ್ಮನ ಮಗಳು
ಹೀಗೆ ಹೇಳಿದ್ರೆ ಒಪ್ತೀನಿ. ಆದ್ರೆ ರಜೆ ಎರಡು ವಾರ ಯಾರು ಕೊಡ್ತಾರೆ, ಸಂಬಳ ಯಾರು ಕೊಡ್ತಾರೆ, ಅದನ್ನೂ ಯೋಚನೆ ಮಾಡಿ ಬರೀರಿ.

ಹರಿಹರದ ಸ್ಪ್ರೇ ಪೇಂಟರ್
ನಾನು ಗಾಡಿಗೆ ಬಣ್ಣ ಹೊಡೆಯೋನು. ಎರಡು ಡಬ್ಬಿ ಸೇರಿಸಿ ಹೊಡೆಯೋ ಪೇಂಟ್ ಇರುತ್ತಲ್ಲ, ಅದರ ಗಟ್ಟಿ ಮಾಡೋ ದ್ರವದಲ್ಲಿ ಐಸೋಸಯನೇಟ್ ಇರುತ್ತೆ. ಮೂರು ವರ್ಷಕ್ಕೆ ಉಬ್ಬಸ ಹಿಡೀತು. ಐಜಿಇ ಮಾಡಿದ್ರು, ಏನೂ ಇಲ್ಲ. "ನಿನಗೆ ಅಲರ್ಜಿ ಇಲ್ಲ, ಮನಸ್ಸಿನ ಭ್ರಮೆ" ಅಂತ ಒಬ್ಬರು ಕಳಿಸಿದ್ರು. ಒಂದು ವರ್ಷ ಸುಮ್ನೆ ಹೋಯ್ತು ನನ್ನದು. ಬಟ್ಟೆ ಮಾಸ್ಕ್ ಕಟ್ಕೊಂಡು ಹೊಡೀತಿದ್ದೆ, ಅದು ಧೂಳೇ ತಡಿಯಲ್ಲ, ಆವಿ ಎಲ್ಲಿ ತಡೀತದೆ?

ಲ್ಯಾಬಿನ ಅಕ್ಕ
ಅಣ್ಣ, ನಿಮ್ಮದು ಭ್ರಮೆ ಅಲ್ಲ. ಐಸೋಸಯನೇಟ್ ಅಸ್ತಮಾದಲ್ಲಿ ಅದಕ್ಕೇ ಅಂತ ಇರೋ ಐಜಿಇ ಕಾಣಿಸೋದು ಸ್ವಲ್ಪ ಜನರಲ್ಲಿ ಮಾತ್ರ. ಗೋಧಿಯದ್ದು ದೊಡ್ಡ ಪ್ರೋಟೀನ್, ಮೈ ಅದನ್ನ ನೇರ ಗುರುತಿಸುತ್ತೆ. ಐಸೋಸಯನೇಟ್ ಪುಟಾಣಿ ರಾಸಾಯನಿಕ, ನಮ್ಮದೇ ಆಲ್ಬುಮಿನ್‌ನಂಥ ಪ್ರೋಟೀನಿಗೆ ಅಂಟಿಕೊಂಡ ಮೇಲೆ ಕಾಟ ಕೊಡುತ್ತೆ. ಕಫದಲ್ಲೂ ಕೆಲವರಿಗೆ ಇಯೋಸಿನೋಫಿಲ್, ಕೆಲವರಿಗೆ ನ್ಯೂಟ್ರೋಫಿಲ್. ಹಾಗಾಗಿ ಒಂದು ಪ್ರೋಟೀನಿಗೆ ಜೋತುಬೀಳೋದು ಬೇಡ ಅಂತ ನಾನು ಪದೇಪದೇ ಹೇಳೋದು.

ವಿಜ್ಞಾನ ಮೇಷ್ಟ್ರು
ಅಕ್ಕಾವ್ರೇ, ಒಂದು ಪ್ರೋಟೀನ್ ಸಾಲದು ಅಂದ್ರೆ ನೂರಾರನ್ನ ಒಟ್ಟಿಗೆ ಅಳೆಯೋ ಮಾಸ್ ಸ್ಪೆಕ್ಟ್ರೋಮೀಟರ್ ಇದೆಯಲ್ಲ? ಅವನ್ನೆಲ್ಲ ಸೇರಿಸಿ ಒಂದು ನಕ್ಷೆ ಮಾಡಿದ್ರೆ ಕೆಲಸದ ಅಸ್ತಮಾ ಬೇರೆ, ಮಾಮೂಲಿ ಅಸ್ತಮಾ ಬೇರೆ ಅಂತ ಕಾಣಬೇಕಲ್ಲ?

ಲ್ಯಾಬಿನ ಅಕ್ಕ
ಒಳ್ಳೆ ಪ್ರಶ್ನೆ ಮೇಷ್ಟ್ರೇ, ಸಂಶೋಧನೆ ಆ ದಿಕ್ಕಿನಲ್ಲೇ ಇದೆ. ತೊಡಕು ಎಲ್ಲಿ ಗೊತ್ತಾ? ಕಫ ಕರಗಿಸೋಕೆ ಹಾಕೋ ಡೈಥಿಯೋಥ್ರೈಟಾಲ್ ಗಂಧಕದ ಕೊಂಡಿ ಕತ್ತರಿಸುತ್ತೆ. ಕಫದ ಅಂಟು ಬಿಡೋದು ಅದರಿಂದಲೇ. ಆದ್ರೆ ನಾವು ಅಳೀಬೇಕಾದ ಎಷ್ಟೋ ಪ್ರೋಟೀನುಗಳು ನಿಂತಿರೋದೂ ಅದೇ ಕೊಂಡಿಗಳ ಮೇಲೆ. ಕತ್ತರಿಸಿದ ಮೇಲೆ ಪ್ರೋಟೀನ್ ಅಳೆಯೋ ಕಿಟ್ ಅದನ್ನ ಗುರುತೇ ಹಿಡಿಯಲ್ಲ. ಒಂದೇ ಕಫವನ್ನ ಎರಡು ಲ್ಯಾಬಿನಲ್ಲಿ ಕೊಟ್ರೆ ಎರಡು ಉತ್ತರ ಬಂದಿದ್ದು ನಾನೇ ನೋಡಿದೀನಿ. ಉಸಿರನ್ನ ತಣ್ಣಗೆ ಮಾಡಿ ನೀರು ಹಿಡಿಯೋ ವಿಧಾನವೂ ಇದೆ, ಕೆಮ್ಮೋ ಕಷ್ಟ ಇಲ್ಲ. ಆದ್ರೆ ಅದರಲ್ಲಿ ಪ್ರೋಟೀನ್ ಎಷ್ಟು ತೆಳು ಅಂದ್ರೆ ಯಂತ್ರದ ಕೈಗೇ ಸಿಗಲ್ಲ. ಸ್ಟಿರಾಯ್ಡ್ ಪಂಪ್, ನೆಗಡಿ, ಬೀಡಿ, ಎಲ್ಲವೂ ಅಂಕಿ ಅಲುಗಾಡಿಸುತ್ತೆ. ಇದೆಲ್ಲ ದಾಟಿದ ಮೇಲೆ ತಾನೇ ಬೇಕರಿ ಕಾರ್ಮಿಕನ ಕೈಗೆ ರಿಪೋರ್ಟ್ ಕೊಡೋದು? ಇವತ್ತು ಯಾರಾದ್ರೂ "ಅಸ್ತಮಾ ಪ್ರೋಟೀನ್ ಪ್ಯಾಕೇಜ್" ಅಂತ ಸಾವಿರಾರು ರೂಪಾಯಿ ಕೇಳಿದ್ರೆ ದಯವಿಟ್ಟು ಕೊಡಬೇಡಿ.

ಮಂಡಕ್ಕಿ ಭಟ್ಟಿ
ನಮ್ಮದು ಮಂಡಕ್ಕಿ ಭಟ್ಟಿ ಕೆಲಸ. ನಾನು, ನಮ್ಮ ಯಜಮಾನ್ರು ಇಬ್ಬರೂ. ಉಸುಕು ಕಾಯಿಸಿ ಅಕ್ಕಿ ಹುರಿಯೋವಾಗ ಹೊಟ್ಟಿನ ಹೊಗೆ ಮುಖಕ್ಕೇ. ನನಗೆ ಚಿಕ್ಕಂದಿನಿಂದ ಸ್ವಲ್ಪ ಉಬ್ಬಸ ಇತ್ತು, ಭಟ್ಟಿಗೆ ಬಂದ ಮೇಲೆ ನಾಲ್ಕು ಪಟ್ಟು ಆಗಿದೆ. ನಂದೂ ಕೆಲಸದ ಅಸ್ತಮಾ ಅಂತಾರಾ? ಮೊದಲೇ ಇತ್ತಲ್ಲ ಅಂತ ಎಲ್ಲರೂ ಬಾಯಿ ಮುಚ್ಚಿಸ್ತಾರೆ.

ಎದೆರೋಗ ಪಿ.ಜಿ.
ಅಮ್ಮ, ಬಾಯಿ ಮುಚ್ಚಬೇಡಿ. ಕೆಲಸ ಹುಟ್ಟಿಸಿದ ಅಸ್ತಮಾ ಒಂದು, ಮೊದಲೇ ಇದ್ದದ್ದನ್ನ ಕೆಲಸ ಕೆಣಕಿದ್ದು ಇನ್ನೊಂದು. ಎರಡನ್ನೂ ಸೇರಿಸಿಯೇ ಕೆಲಸ ಸಂಬಂಧಿ ಅಸ್ತಮಾ ಅನ್ನೋದು. ನಿಮ್ಮದು ಎರಡನೇದು ಇರಬಹುದು. ಹೊಗೆಯಿಂದ ಆದಾಗ ಕಫದಲ್ಲಿ ಇಯೋಸಿನೋಫಿಲ್ ಏರದೇ ಇರಬಹುದು, ಹಾಗಂತ ರಿಪೋರ್ಟ್ ನಾರ್ಮಲ್, ನಿಮಗೇನೂ ಇಲ್ಲ ಅಂತ ಯಾರೂ ಹೇಳಬಾರದು. ಪಂಪ್ ಸರಿಯಾಗಿ ಎಳೀತಿದೀರಾ ಅಂತ ಒಂದು ಸಲ ತೋರಿಸಿಕೊಳ್ಳಿ, ಒಪಿಡಿಗೆ ಬನ್ನಿ. ಯಜಮಾನರಿಗೆ ಕೆಮ್ಮು ಇದ್ರೆ ಅವರನ್ನೂ ಕರ್ಕೊಂಡು ಬನ್ನಿ.

ಚಳ್ಳಕೆರೆ ಕಡ್ಲೆಕಾಯಿ
ನಮ್ಮ ಕಡೆ ಎಣ್ಣೆ ಮಿಲ್ಲುಗಳಲ್ಲೂ ಸಿಪ್ಪೆ ಧೂಳು ಇದೇ ಥರ. ಯಾರೂ ಕೇಳೋರೇ ಇಲ್ಲ.

ಕಾರ್ಮಿಕರ ಪರ ವಕೀಲ
ಕಾಗದದ ಮಾತು ನಾನು ಹೇಳ್ತೀನಿ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿ ಇತ್ತು. ಕೆಲಸದಲ್ಲಿ ಬಳಸುವ ವಸ್ತುಗಳಿಂದ ಬಂದ ಅಸ್ತಮಾ, ಹತ್ತಿ ಧೂಳಿನ ಬಿಸಿನೋಸಿಸ್ ಎರಡೂ ಅದರಲ್ಲಿ ಇದ್ದವು. ಈಗಿನ ಸಾಮಾಜಿಕ ಭದ್ರತಾ ಸಂಹಿತೆಗೂ ಅಂಥದೇ ಪಟ್ಟಿ ಇದೆ. ಅಂದ್ರೆ ಮಾಲೀಕರು "ಸಂಬಂಧ ಇಲ್ಲ" ಅಂದ ಮಾತ್ರಕ್ಕೆ ಮುಗಿಯಲ್ಲ. ಬೇಕರಿಲಿ ಹತ್ತು ಅಥವಾ ಹೆಚ್ಚು ಜನ ಇದ್ದು, ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದಿದ್ರೆ ನೌಕರರ ರಾಜ್ಯ ವಿಮೆ, ಅಂದ್ರೆ ಇಎಸ್‌ಐ ಇದೆಯಾ ನೋಡಿ. ಇದ್ರೆ ರಜೆಯ ಎರಡು ವಾರಕ್ಕೂ ಅನಾರೋಗ್ಯ ಭತ್ಯೆ ಕೇಳಬಹುದು, ದುಗ್ಗಮ್ಮನ ಮಗಳು ಕೇಳಿದ್ದಕ್ಕೆ ಇದು ಉತ್ತರ.

ತಮ್ಮ, ಕೂಡಿಡಬೇಕಾದ್ದು: ಸಂಬಳದ ಚೀಟಿ ಅಥವಾ ಬ್ಯಾಂಕ್ ಪಾಸ್‌ಬುಕ್, ಹಾಜರಿ, ಪ್ರತಿ ಒಪಿಡಿ ಚೀಟಿ. ಚೀಟಿಯಲ್ಲಿ ವೈದ್ಯರು "ಬೇಕರಿ ಕೆಲಸಗಾರ, ಹಿಟ್ಟಿನ ಧೂಳು" ಅಂತ ಬರೀಲಿ ಅಂತ ಕೇಳಿ. ನಾನು ನೋಡಿದ ಕೇಸುಗಳಲ್ಲಿ ಸೋತಿದ್ದು ಪ್ರೋಟೀನ್ ರಿಪೋರ್ಟ್ ಇಲ್ಲ ಅಂತಲ್ಲ, ಚೀಟಿಯಲ್ಲಿ ಉದ್ಯೋಗದ ಜಾಗ ಖಾಲಿ ಬಿಟ್ಟಿದ್ದಕ್ಕೆ.

ಪಿ.ಬಿ. ರೋಡ್
ಐಜಿಇ ವಿಷಯ ನಾನು ಅವಸರದಲ್ಲಿ ಬರೆದೆ, ಈಗ ಅರ್ಥ ಆಯ್ತು. ತಮ್ಮ, ಪೀಕ್ ಫ್ಲೋ ಮೀಟರ್ ನಮ್ಮ ಮನೆಲಿ ಹೊಸದೇ ಒಂದಿದೆ. ವಿದ್ಯಾರ್ಥಿ ಭವನದ ಹತ್ರ ಬಂದ್ರೆ ಕೊಡ್ತೀನಿ, ದುಡ್ಡು ಬೇಡ.

ಎದೆರೋಗ ಪಿ.ಜಿ.
ಊದೋ ಬಾಯಿತುಂಡು ಮಾತ್ರ ಹೊಸದು ಹಾಕಿಸಿ. ದೊಡ್ಡ ಪರೀಕ್ಷೆ ಬೇಕಾದ್ರೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗ ಸಂಸ್ಥೆಗೆ ಬರೆಸಿಕೊಂಡು ಹೋಗಬಹುದು. ದೇವನಹಳ್ಳಿ ಕಡೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್‌ನ ಔದ್ಯೋಗಿಕ ಆರೋಗ್ಯ ಕೇಂದ್ರವೂ ಇದೆ.

ಜಗಳೂರಿನ ತಮ್ಮ
ಐದು ವಾರ ಆದ ಮೇಲೆ ಬರೀತಿದೀನಿ. ಮೀಟರ್ ಕೊಟ್ಟ ಅಣ್ಣನಿಗೆ ಮೊದಲು ನಮಸ್ಕಾರ. ಬೇಕರಿಲಿ ಇದ್ದ ಎರಡು ವಾರ ಬೆಳಗ್ಗೆ 350ರ ಆಸುಪಾಸು, ಪಾಳಿ ಮುಗಿಯೋ ಹೊತ್ತಿಗೆ 300, ಎರಡು ರಾತ್ರಿ 270ಕ್ಕೆ ಬಿತ್ತು. ಊರಲ್ಲಿ ಮೊದಲ ಮೂರು ದಿನ ಹಂಗೇ ಇತ್ತು, ಆಮೇಲೆ ಏರ್ತಾ ಏರ್ತಾ 440. ಅಮ್ಮ ಆ ಪುಸ್ತಕ ನೋಡಿ ಅತ್ಲು. ಡಾಕ್ಟರ್ ಗೋಧಿಯ ಚರ್ಮ ಪರೀಕ್ಷೆಗೆ ಬೆಂಗಳೂರಿಗೆ ಬರೆದುಕೊಟ್ಟಿದಾರೆ. ಚೀಟಿಯಲ್ಲಿ "ಬೇಕರಿ, 11 ವರ್ಷ, ಹಿಟ್ಟಿನ ಧೂಳು, ಕೆಲಸ ಸಂಬಂಧಿ ಅಸ್ತಮಾ ಇರುವ ಸಾಧ್ಯತೆ, ಧೂಳಿನಿಂದ ದೂರ ಇರಬೇಕು" ಅಂತ ಬರೆದಿದಾರೆ.

ಮಾಲೀಕರು ಚೀಟಿ ಎರಡು ಸಲ ಓದಿದ್ರು. ಆಮೇಲೆ "ಪ್ಯಾಕಿಂಗಿಗೆ ಹಾಕ್ತೀನಿ, ಸಂಬಳ ಅಷ್ಟೇ" ಅಂದ್ರು. ಪ್ಯಾಕಿಂಗ್ ಕೋಣೆ ಹಿಟ್ಟು ಕಲಸೋ ಜಾಗದ ಪಕ್ಕದಲ್ಲೇ ಇದೆ, ಮಧ್ಯೆ ಬಾಗಿಲಿಲ್ಲ. ಅದು ಸಾಕಾ?

ಲ್ಯಾಬಿನ ಅಕ್ಕ
ಬಾಗಿಲಿಲ್ಲದ ಪಕ್ಕದ ಕೋಣೆ ಅಂದ್ರೆ ಅನುಮಾನ ತಮ್ಮ. ಮೈ ಒಂದು ಸಲ ತಿರುಗಿದ ಮೇಲೆ ಸ್ವಲ್ಪ ಹಿಟ್ಟಿಗೂ ಕೆರಳುತ್ತೆ. ಪೊರಕೆಯಿಂದ ಒಣಗುಡಿಸೋದು ನಿಲ್ಲಿಸಿ ಒದ್ದೆ ಬಟ್ಟೇಲಿ ಒರೆಸೋಕೆ ಹೇಳಿ, ಚೀಲ ಜಾಡಿಸೋದು ಬೇಡ, ಹಿಟ್ಟು ಮೇಲಿಂದ ಸುರಿಯೋದು ಬೇಡ. ಮಿಕ್ಸರಿಗೆ ಮುಚ್ಚಳ ಇದ್ರೆ ಹಾಕಿಯೇ ತಿರುಗಿಸಲಿ. ಇದರಿಂದ ಅಲ್ಲಿರೋ ಉಳಿದ ಹುಡುಗರಿಗೂ ಒಳ್ಳೇದು. ಮತ್ತೆ ಊದೋದು ನಿಲ್ಲಿಸಬೇಡಿ. ಪ್ಯಾಕಿಂಗಿನಲ್ಲಿ ಎರಡು ವಾರದ ಲೆಕ್ಕ ಬರ್ಕೊಂಡ್ರೆ ಸಾಕಾ ಸಾಲದಾ ಅಂತ ಅದೇ ಹೇಳುತ್ತೆ.

ಹಳೇ ಮಿಲ್ಲು
ಬಾಗ್ಲು ಕಟ್ಟಿಸ್ಕೊಡು ಅಂತ ಕೇಳ್ರಿ. ನಾವು ಕೇಳ್ಲಿಲ್ಲ.

ಜಗಳೂರಿನ ತಮ್ಮ
ಕೇಳ್ತೀವಿ ಅಜ್ಜಾರೆ. ನಾಳೆ ಪ್ಯಾಕಿಂಗಿನಲ್ಲಿ ಮೊದಲ ಪಾಳಿ. ಇವತ್ತು ರಾತ್ರಿ ಮಲಗೋ ಮುಂಚೆ 430 ಇದೆ. ನಾಳೆ ಸಂಜೆದು ಬಂದು ಹಾಕ್ತೀನಿ.